ಒತ್ತೆಯ ಲೆಕ್ಕ

ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಮದರಾಸಿನ ಮೈಲಾಪೂರ್ ವಕೀಲರ ಊರಾಗಿತ್ತು. ಲಸ್ ಸುತ್ತಮುತ್ತಲಿನ ತೋಟದ ಬಂಗಲೆಗಳಲ್ಲಿ ಹೈಕೋರ್ಟಿನ ನ್ಯಾಯಾಧೀಶರು, ಹೆಸರಾಂತ ವಕೀಲರು, ಶಾಸನಸಭೆಗೆ ಹೋಗಿ ಬರುವ ದೊಡ್ಡವರು ಇದ್ದರು. ಅಲ್ಲಿಂದ ಕೂಗಳತೆಯಲ್ಲೇ ಕಪಾಲೀಶ್ವರನ ಗುಡಿ, ಅದರ ಅಗಲವಾದ ಪುಷ್ಕರಿಣಿ, ಗುಡಿಯನ್ನು ಬಳಸಿದ ನಾಲ್ಕು ಮಾಡಬೀದಿಗಳು. ಈ ಗುಡಿಯ ಸೇವೆಗೆ ನರ್ತಕಿಯರ ಮನೆತನಗಳಿದ್ದವು. ಅವರಲ್ಲಿ ಕೊನೆಯವರೆಂದು ಹೆಸರಾದವರು ಮೈಲಾಪೂರ್ ಗೌರಿ ಅಮ್ಮಾಳ್. ತಾಯಿ ದೊರೈಕಣ್ಣು ಕೂಡ ಅದೇ ಗುಡಿಯವರು. ಇರಲು ಗುಡಿಯ ಮನೆ, ಹಬ್ಬ ಉತ್ಸವಗಳಲ್ಲಿ ದೇವರ ಮುಂದೆ ಕುಣಿಯುವ ಹಕ್ಕು. ಇವೆರಡೂ ಹುಟ್ಟಿನಿಂದ ಬಂದವು.

ಕಾನೂನು ಬರೆಯುವವರೂ ಕುಣಿಯುವವರೂ ಹೀಗೆ ಒಂದೇ ಪೇಟೆಯಲ್ಲಿದ್ದರು. ಆದರೂ ಆ ಹೆಣ್ಣುಮಕ್ಕಳ ಬದುಕಿನ ಲೆಕ್ಕ ಏನು ಎಂದು ಕೇಳಿದರೆ ಎರಡು ಕಡೆಯಿಂದ ಎರಡು ಉತ್ತರ ಬರುತ್ತಿತ್ತು. ಸುಧಾರಕರ ಉತ್ತರ ಒಂದೇ ಪದದ್ದು, ವೇಶ್ಯಾವೃತ್ತಿ. ಆ ಮನೆಗಳ ಒಳಗಿನ ಉತ್ತರಕ್ಕೆ ಮಾತ್ರ ಹತ್ತು ಬಾಬತ್ತುಗಳಿದ್ದವು. ಹಾಡು, ಕುಣಿತ, ಮಾತು, ಒಂದು ಸಂಜೆಯ ಸಂಗ, ಒಬ್ಬ ಗಂಡಸಿನ ಜೊತೆ ವರ್ಷಗಟ್ಟಲೆಯ ಬಾಳು, ಇವಕ್ಕೆಲ್ಲ ಬೆಲೆ ಕಟ್ಟುವುದೆಂದರೆ ಏನನ್ನು ಕೂಡಿಸಬೇಕು, ಏನನ್ನು ಕಳೆಯಬೇಕು? ಈ ಪ್ರಶ್ನೆಯನ್ನು ನಮ್ಮ ಹಳಬರು ನಾಚಿಕೆಯಿಲ್ಲದೆ ಕೇಳಿಕೊಂಡಿದ್ದರು, ಉತ್ತರವನ್ನೂ ಬರೆದಿಟ್ಟಿದ್ದರು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷ ಎಂಬ ಅಧಿಕಾರಿಗೆಂದೇ ಒಂದು ಅಧ್ಯಾಯವಿದೆ. ಗಣಿಕೆ ಅಲ್ಲಿ ಸರ್ಕಾರಿ ನೌಕರಳು. ನೇಮಕವಾಗುವಾಗ ಆಕೆಯ ಮನೆತನಕ್ಕೆ 1000 ಪಣ. ಹಾಡು, ವಾದ್ಯ, ನೃತ್ಯ, ಓದು ಇತ್ಯಾದಿ ಕಲಿಸುವ ಗುರುಗಳಿಗೆ ಜೀವನ ಬೊಕ್ಕಸದಿಂದ. ಅಧ್ಯಕ್ಷ ಒಬ್ಬೊಬ್ಬಳ ಗಳಿಕೆ, ಆಸ್ತಿ, ಆದಾಯ, ಖರ್ಚು, ಮುಂದಿನ ನಿರೀಕ್ಷೆ ಎಲ್ಲವನ್ನೂ ಬರೆದಿಡಬೇಕು. ಹಣ ಪಡೆದು ಆಮೇಲೆ ಒಲ್ಲೆನೆಂದರೆ ಪಡೆದದ್ದರ ಎರಡು ಪಟ್ಟು ದಂಡ. ರೂಪವನ್ನೇ ನಂಬಿದ ಉಳಿದ ಹೆಂಗಸರು ತಮ್ಮ ದರದ ಎರಡರಷ್ಟನ್ನು ತಿಂಗಳಿಗೊಮ್ಮೆ ತೆರಿಗೆಯಾಗಿ ಕಟ್ಟಬೇಕು. ಇಲ್ಲಿಯವರೆಗೆ ಎಲ್ಲ ಅಚ್ಚುಕಟ್ಟು, ಇವತ್ತಿನ ಯಾವುದೋ ಇಲಾಖೆಯ ಕೈಪಿಡಿ ಓದಿದ ಹಾಗೆ. ಆದರೆ ಅದೇ ಅಧ್ಯಾಯದಲ್ಲಿ ಇನ್ನೆರಡು ಅಂಕಿಗಳಿವೆ. ಗಣಿಕೆ ಈ ಕೆಲಸದಿಂದ ಬಿಡುಗಡೆ ಬೇಕೆಂದರೆ 24,000 ಪಣ ಕಟ್ಟಬೇಕು. ರಾಜ ಹೇಳಿದ ಗಂಡಸಿನ ಬಳಿಗೆ ಹೋಗಲೊಪ್ಪದಿದ್ದರೆ ಸಾವಿರ ಛಡಿಯೇಟು, ಇಲ್ಲವೇ 5000 ಪಣ ದಂಡ. ಗುರು, ಸಂಬಳ, ಆಭರಣ ಎಲ್ಲ ಇದ್ದರೂ ಬೇಡ ಎನ್ನುವ ಹಕ್ಕು ಇಲ್ಲ.

ವಾತ್ಸ್ಯಾಯನನ ಕಾಮಸೂತ್ರದ ಆರನೆಯ ಅಧಿಕರಣ ‘ವೈಶಿಕ’ ಇದಕ್ಕೆ ತದ್ವಿರುದ್ಧವಾದ ಜಗತ್ತು. ಪಾಟಲಿಪುತ್ರದ ಗಣಿಕೆಯರೇ ಕೇಳಿಕೊಂಡಿದ್ದರಿಂದ ದತ್ತಕನೆಂಬವನು ಈ ವಿಷಯವನ್ನು ಬೇರೆಯಾಗಿ ಬರೆದನೆಂದು ಕಾಮಸೂತ್ರವೇ ಹೇಳುತ್ತದೆ. ಇಲ್ಲಿಯ ಹೆಣ್ಣು ತನ್ನ ಲೆಕ್ಕ ತಾನೇ ನೋಡಿಕೊಳ್ಳುವವಳು. ಒಂದು ರಾತ್ರಿಯ ದರ ಗೊತ್ತುಮಾಡುವ ಮುನ್ನ ಆಕೆ ಊರನ್ನು ನೋಡಬೇಕು, ಕಾಲವನ್ನು ನೋಡಬೇಕು, ತನ್ನ ಸ್ಥಿತಿ, ಗುಣ, ಸೌಭಾಗ್ಯ ನೋಡಬೇಕು, ಉಳಿದವರಿಗಿಂತ ತಾನು ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂದು ತೂಗಬೇಕು. ವಕೀಲನೊಬ್ಬ ತನ್ನ ಶುಲ್ಕ ಗೊತ್ತುಮಾಡುವಾಗ ನೋಡುವುದೂ ಹೆಚ್ಚುಕಡಿಮೆ ಇವನ್ನೇ. ಇನ್ನೂ ಕುತೂಹಲದ ಮಾತೆಂದರೆ, ಕೆಲವು ಸಂದರ್ಭಗಳಲ್ಲಿ ಕಡಿಮೆ ತೆಗೆದುಕೊಂಡರೂ ಸರಿ ಎನ್ನುತ್ತದೆ ಗ್ರಂಥ. ಮುಂದೆ ಬಹುಕಾಲದ ನೆಮ್ಮದಿ ಕಾಣುತ್ತಿದ್ದರೆ, ಅಥವಾ ಬರುವ ಆಪತ್ತೊಂದನ್ನು ಆ ಗಂಡಸು ತಪ್ಪಿಸಬಲ್ಲನಾದರೆ, ಇಂದಿನ ಹಣವನ್ನು ಬಿಡಬಹುದು. ಬಂದ ಲಾಭ ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳುತ್ತದೆ: ಉತ್ತಮ ಗಣಿಕೆಯ ಗಳಿಕೆ ಗುಡಿ, ಕೆರೆ, ತೋಟ ಕಟ್ಟಿಸುವುದಕ್ಕೆ, ಮಧ್ಯಮಳದು ಒಡವೆ, ಮನೆ ಸಾಮಾನಿಗೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊರಗಿನ ಲೋಕಗಳು ಬೇರೆ ಬೇರೆ ಕಡೆಯಿಂದ ಈ ಲೆಕ್ಕಕ್ಕೆ ಕೈಹಾಕಿವೆ. ಪ್ರಾಚೀನ ಅಥೆನ್ಸಿನ ಆಡಳಿತದ ಬಗ್ಗೆ ಅರಿಸ್ಟಾಟಲನ ಹೆಸರಿನಲ್ಲಿರುವ ಗ್ರಂಥದ ಪ್ರಕಾರ, ಔತಣಕೂಟಗಳಿಗೆ ಬಾಡಿಗೆಗೆ ಬರುವ ಕೊಳಲು, ವೀಣೆ ನುಡಿಸುವ ಹೆಂಗಸರು 2 ದ್ರಾಖ್ಮಕ್ಕಿಂತ ಹೆಚ್ಚು ಪಡೆಯದಂತೆ ನಗರಾಧಿಕಾರಿಗಳು ನೋಡಿಕೊಳ್ಳುತ್ತಿದ್ದರು. ಒಬ್ಬಳಿಗಾಗಿ ಹಲವರು ಬಂದರೆ ಚೀಟಿ ಎತ್ತಿ ತೀರ್ಮಾನ. ಹರಾಜಾದರೆ ದರ ಏರುತ್ತದಲ್ಲ! ಜಪಾನಿನ ಗೇಷಾ ಮನೆಗಳಲ್ಲಿ ಕಾಲವನ್ನು ಅಳೆದದ್ದು ಉರಿಯುವ ಊದುಬತ್ತಿಯಿಂದ. ಎಷ್ಟು ಕಡ್ಡಿ ಉರಿಯಿತೋ ಅಷ್ಟು ಹಣ. ಅಥೆನ್ಸ್ ಮಿತಿ ಹಾಕಿತು, ಜಪಾನ್ ಹೊತ್ತನ್ನು ಮಾರಿತು. ದಕ್ಷಿಣ ಭಾರತದ ಗುಡಿಬೀದಿಗಳ ಲೆಕ್ಕ ಎರಡೂ ಅಲ್ಲ. ಅದರ ತಳದಲ್ಲಿದ್ದದ್ದು ಭೂಮಿ.

ತಂಜಾವೂರಿನ ಬೃಹದೀಶ್ವರ ಗುಡಿಯ ಗೋಡೆಯ ಮೇಲೆ, ಹನ್ನೊಂದನೆಯ ಶತಮಾನದ ಆರಂಭದಲ್ಲಿ, ರಾಜರಾಜ ಚೋಳ ಬೇರೆ ಬೇರೆ ಊರುಗಳಿಂದ ಕರೆತಂದು ನೆಲೆಗೊಳಿಸಿದ 400 ಗುಡಿ ಹೆಂಗಸರ ಹೆಸರುಗಳಿವೆ. ಯಾವ ಬೀದಿ, ಯಾವ ಸಾಲು, ಎಷ್ಟನೆಯ ಮನೆ ಎಂಬುದೂ ಕೆತ್ತಿದೆ. ಒಬ್ಬೊಬ್ಬಳಿಗೆ ಒಂದು ಮನೆ, ವರ್ಷಕ್ಕೆ 100 ಕಲಂ ಭತ್ತದ ಒಂದು ಪಾಲು. ಸತ್ತರೆ ಪಾಲು ಹತ್ತಿರದ ಬಂಧುವಿಗೆ. ಮನೆ, ಅನ್ನ, ವಾರಸು: ಇದು ಯಾವ ಗಂಡಸಿನ ಮೇಲೂ ನಿಂತದ್ದಲ್ಲ.

ಕನ್ನಡ ನಾಡಿನಲ್ಲೂ ಇಂಥವರ ಕೈಯಲ್ಲಿ ಆಸ್ತಿ ಇದ್ದುದಕ್ಕೆ ಇನ್ನೂ ಹಳೆಯ ಸಾಕ್ಷಿ ಇದೆ. ಬಾದಾಮಿಯ ಹತ್ತಿರದ ಮಹಾಕೂಟದ ಶಾಸನದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮಾಡಿಸಿ ಭೂಮಿ ಬಿಟ್ಟ ದಾಖಲೆ ಇದೆ. ಎಂಟನೆಯ ಶತಮಾನದ ಮಾತು. ಶಾಸನ ಆಕೆಯನ್ನು ಸೂಳೆ ಎಂದೇ ಕರೆಯುತ್ತದೆ, ಮರ್ಯಾದೆಯಿಂದಲೇ ಕರೆಯುತ್ತದೆ. ಆ ಪದ ಬೈಗುಳವಾದದ್ದು ಬಹಳ ಆಮೇಲೆ. ವಿಜಯನಗರಕ್ಕೆ ಬಂದರೆ, 1443ರಲ್ಲಿ ಅಲ್ಲಿದ್ದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಬರೆದಂತೆ, ನಗರದ ಹನ್ನೆರಡು ಸಾವಿರ ಕಾವಲುಗಾರರ ಸಂಬಳ ಈ ಹೆಂಗಸರ ಮನೆಗಳ ತೆರಿಗೆಯಿಂದಲೇ ಹೋಗುತ್ತಿತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅವರು ಊರಿನ ಅತ್ಯುತ್ತಮ ಬೀದಿಗಳಲ್ಲಿದ್ದರೆಂದೂ, ಅವರಿಗೆ ಭೂಮಿ, ಪಲ್ಲಕ್ಕಿ, ದಾಸಿಯರಿದ್ದರೆಂದೂ, ಒಬ್ಬಾಕೆಯ ಆಸ್ತಿ ಒಂದು ಲಕ್ಷ ಪರದಾವ್ ಎಂದು ಕೇಳಿದೆನೆಂದೂ ಬರೆದ.

ಕನ್ನಡದಲ್ಲಿ ಈ ಬೆಲೆಗೆ ಒಂದು ಅಚ್ಚ ಪದವಿದೆ, ಒತ್ತೆ. ಅಡವು ಇಟ್ಟ ವಸ್ತುವಿಗೂ ಅದೇ ಪದ, ಸೆರೆಯಾಗಿ ಇಟ್ಟ ಮನುಷ್ಯನಿಗೂ ಅದೇ ಪದ, ಸೂಳೆಗೆ ಕೊಟ್ಟ ಹಣಕ್ಕೂ ಅದೇ ಪದ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ವಚನ ಒಂದೇ ಒಂದು ಉಳಿದಿದೆ. ಅದು ನಿಂತಿರುವುದೂ ಈ ಪದದ ಮೇಲೆಯೇ: ಒಬ್ಬನ ಒತ್ತೆ ಹಿಡಿದ ಮೇಲೆ ಮತ್ತೊಬ್ಬನದನ್ನು ಹಿಡಿಯುವುದು ದ್ರೋಹ. ಭಕ್ತಿಯ ನಿಷ್ಠೆಗೆ ಆಕೆ ಆರಿಸಿಕೊಂಡ ಹೋಲಿಕೆ ತನ್ನ ಕಸುಬಿನ ವ್ಯವಹಾರನಿಷ್ಠೆ. ಬೆಲೆ ಅಂದರೆ ಬರೀ ಹಣವಲ್ಲ, ಅದು ಮಾತು ಕೊಟ್ಟ ಹಾಗೆ. ಕಸುಬಿಗೆ ಒಂದು ನ್ಯಾಯವಿದೆ, ಆ ನ್ಯಾಯವನ್ನು ಕಾಯುವವಳು ತಾನೇ. ಬಸವಣ್ಣನವರ ಕಾಲದ ಕಾಯಕದ ಚರ್ಚೆಯಲ್ಲಿ ಈ ವಚನಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಈಗ ಮದರಾಸಿಗೆ ಬರೋಣ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗುಡಿ ನರ್ತಕಿಯ ಮನೆಯ ಆದಾಯದ ತಳಪಾಯ ಗುಡಿಯೇ ಆಗಿತ್ತು: ಮನೆ, ಕೆಲವು ಕಡೆ ಮಾನ್ಯದ ಭೂಮಿ, ದಿನದ ಪಡಿ. ಹಣದ ಲೆಕ್ಕದಲ್ಲಿ ಇದು ದೊಡ್ಡದೇನಲ್ಲ. ಆದರೆ ಇದರ ಬೆಲೆ ಇದ್ದದ್ದು ಬೇರೆ ಕಡೆ. ತಲೆಯ ಮೇಲೆ ಸೂರು, ಒಲೆಗೆ ಅಕ್ಕಿ ಇರುವ ಮನೆ ಬಾಗಿಲಿಗೆ ಬಂದ ಮೊದಲ ಗಂಡಸಿಗೆ ಹೂಂ ಎನ್ನಬೇಕಿಲ್ಲ. ಕಾಯಬಹುದು. ಜೊತೆಗೆ ‘ಇಂಥ ಗುಡಿಯವಳು’ ಎಂಬ ಹೆಸರು ಬರುತ್ತದೆ, ಆ ಹೆಸರೇ ಮದುವೆ ಮನೆಗಳ ಕಚೇರಿಗೆ ಕರೆ ತರುತ್ತದೆ. ಪೊಟ್ಟು ಕಟ್ಟಿಸಿಕೊಂಡವಳು ನಿತ್ಯಸುಮಂಗಲಿ, ಶುಭಕಾರ್ಯಕ್ಕೆ ಆಕೆಯ ಮುಖವೇ ಶಕುನ. ಅದಕ್ಕೂ ಕಾಣಿಕೆ ಇತ್ತು.

ಅದರ ಮೇಲೆ ಕಲಿಕೆಯ ಖರ್ಚು. ಏಳೆಂಟು ವರ್ಷ ನಟ್ಟುವನಾರರ ಕೈಕೆಳಗೆ ಸದಿರಿನ ಪಾಠ, ಬೇರೆ ಗುರುವಿನ ಬಳಿ ಸಂಗೀತ. ಪದಂ, ಜಾವಳಿ ಹಾಡಲು ತೆಲುಗು ಬೇಕು, ಶ್ಲೋಕಕ್ಕೆ ಅಭಿನಯಿಸಲು ಸಂಸ್ಕೃತ ಬೇಕು. ಓದು ಬರಹ ಬಲ್ಲ ಹೆಂಗಸರೇ ವಿರಳವಾಗಿದ್ದ ಕಾಲದಲ್ಲಿ ಇವರ ಮನೆಗಳಲ್ಲಿ ಎರಡು ಮೂರು ಭಾಷೆ ಓಡಾಡುತ್ತಿದ್ದವು. ವಕೀಲರೂ ಜಮೀನುದಾರರೂ ಸಂಜೆ ಇಂಥ ಮನೆಗಳಿಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಹತ್ತು ಹನ್ನೊಂದು ವಯಸ್ಸಿಗೆ ಮದುವೆಯಾಗಿ ಅಡುಗೆ ಮನೆ ಸೇರಿದ ಹೆಂಡತಿಯ ಜೊತೆ ಆಡಲಾಗದ ಮಾತು ಇಲ್ಲಿ ಆಡಬಹುದಿತ್ತು. ಹೆಂಡತಿಗೆ ಓದು ಕಲಿಸದ ಸಮಾಜವೇ ಇವರ ಮಾತಿಗೆ ಬೆಲೆ ತಂದುಕೊಟ್ಟಿತು ಎಂದರೆ ಕಟುವಾದರೂ ಸುಳ್ಳಲ್ಲ.

ಇನ್ನು ಮನೆಯ ಹೊರೆ. ಹಿರಿಯ ತಾಯಿ, ಅಕ್ಕತಂಗಿಯರು, ಅಣ್ಣತಮ್ಮಂದಿರು, ಅವರ ಸಂಸಾರ, ಮದ್ದಳೆಯವರು, ನಟ್ಟುವನಾರರ ಪಾಲು, ಎಲ್ಲ ಒಬ್ಬಿಬ್ಬರ ದುಡಿಮೆಯ ಮೇಲೆ. 1901ರ ಮದರಾಸು ಜನಗಣತಿಯ ವರದಿ ಗಮನಿಸಿದ ಹಾಗೆ ಇವರಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು, ಆಗಿನ ಹಿಂದೂ ರೂಢಿಯಲ್ಲಿ ಬೇರೆಲ್ಲೂ ಕಾಣದ್ದು. ಹಾಗೆಯೇ ಕಟ್ಟುಪಾಡು. ಬಲಗೈ ಪಂಗಡದ ದಾಸಿಯರು ಎಡಗೈ ಪಂಗಡದ ಕಮ್ಮಾಳರ ಮನೆಗಳಲ್ಲಿ ಕುಣಿಯುವಂತಿರಲಿಲ್ಲ. ಅಕ್ಕಸಾಲಿಗನ ಹತ್ತಿರ ಎಷ್ಟೇ ಚಿನ್ನವಿದ್ದರೂ ಅದು ಇವರ ಲೆಕ್ಕಕ್ಕೆ ಇಲ್ಲ. ಪೇಟೆಯನ್ನು ಹೀಗೆ ಜಾತಿ ಕತ್ತರಿಸುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಬಾಬತ್ತು, ಒಬ್ಬನಿಗೇ ಮೀಸಲಾಗಿರುವುದು. ಹೆಚ್ಚಿನವರ ಬದುಕು ಒಬ್ಬನಾದ ಮೇಲೆ ಒಬ್ಬ, ವರ್ಷಗಟ್ಟಲೆ ಒಬ್ಬನೇ ಪೋಷಕ ಎಂಬ ರೀತಿಯದು. ಕೆಲವರು ಕಚೇರಿ ನಿಲ್ಲಿಸು ಎನ್ನುತ್ತಿದ್ದರು. ನಿಲ್ಲಿಸಿದರೆ ಆ ಆದಾಯ ಹೋಗುತ್ತದೆ, ಕೊರಳು ಕಾಲು ಜಡ್ಡುಗಟ್ಟುತ್ತವೆ, ಊರು ಮರೆಯುತ್ತದೆ. ಆತ ಸತ್ತರೆ ಆತನ ಹೆಂಡತಿ ಮಕ್ಕಳು ಬಾಗಿಲಿಗೆ ಬರುತ್ತಾರೆ. ಬಿಟ್ಟು ಹೋದರೆ ಕೇಳುವ ದಿಕ್ಕಿಲ್ಲ. ಈ ಅಪಾಯವನ್ನೆಲ್ಲ ಮೊದಲೇ ಬೆಲೆಗೆ ಸೇರಿಸಬೇಕಿತ್ತು.

ಸೇರಿಸುವುದು ಹೇಗೆ ಎಂಬಲ್ಲಿ ಕಾನೂನು ಬರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 23ನೆಯ ಕಲಮು ಅನೈತಿಕವಾದ ಉದ್ದೇಶಕ್ಕೆ ಮಾಡಿಕೊಂಡ ಕರಾರು ನಡೆಯುವುದಿಲ್ಲ ಎನ್ನುತ್ತದೆ. ಅದಕ್ಕೆ ಶಾಸನವೇ ಕೊಟ್ಟ ಒಂದು ಉದಾಹರಣೆ: ಒಬ್ಬಾಕೆ ತನ್ನ ಮಗಳನ್ನು ಉಪಪತ್ನಿಯಾಗಿರಲು ಬಾಡಿಗೆಗೆ ಕೊಡಲು ಒಪ್ಪುತ್ತಾಳೆ, ಇದು ಅನೈತಿಕ, ಆದ್ದರಿಂದ ಅಸಿಂಧು. ಮಗಳನ್ನು ಮಾರುವ ತಾಯಿಯಿಂದ ಮಗಳನ್ನು ಕಾಯುವ ಕಲಮು ಎಂದು ಓದಿದರೆ ಒಳ್ಳೆಯದೇ. ಆದರೆ ಇದರ ಇನ್ನೊಂದು ಮುಖ ಆ ಮಗಳಿಗೇ ತಗುಲಿತು. ತಿಂಗಳಿಗೆ ಇಷ್ಟು ಕೊಡುತ್ತೇನೆ, ಮುಪ್ಪಿಗೆ ನೋಡಿಕೊಳ್ಳುತ್ತೇನೆ ಎಂದು ಪೋಷಕ ಕೊಟ್ಟ ಮಾತಿಗೆ ಕೋರ್ಟಿನಲ್ಲಿ ಕಾಸಿನ ಬೆಲೆ ಇಲ್ಲವಾಯಿತು. ಹಾಗಾಗಿ ಬೆಲೆ ಮುಂಚೆಯೇ, ಕೈಗೇ ಬರಬೇಕು. ಮನೆಯಾದರೆ ನೋಂದಾಯಿಸಿದ ದಾನಪತ್ರ, ಇಲ್ಲದಿದ್ದರೆ ವಜ್ರದ ಓಲೆ, ಕಾಸಿನ ಸರ, ಒಡ್ಯಾಣ. ದಾಸಿಯರ ಒಡವೆಯ ಹುಚ್ಚನ್ನು ಗೇಲಿ ಮಾಡಿದ ನಾಟಕ ಕಥೆಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಕೋರ್ಟು ಕೈಬಿಟ್ಟವಳ ಬ್ಯಾಂಕು ಕೊರಳಲ್ಲಿ ಇರಲೇಬೇಕಿತ್ತು ಎಂಬುದು ಅವನ್ನು ಬರೆದವರಿಗೆ ಹೊಳೆಯಲಿಲ್ಲ. ಅತ್ತ ತೆರಿಗೆಯ ವಿಷಯದಲ್ಲಿ ಸರ್ಕಾರಕ್ಕೆ ಈ ಮಡಿ ಇರಲಿಲ್ಲ. 1858ರಿಂದ 1877ರ ನಡುವಿನ ಲಖನೌ ನಗರಸಭೆಯ ತೆರಿಗೆ ಪುಸ್ತಕಗಳಲ್ಲಿ ಅತಿ ಹೆಚ್ಚು ತೆರಿಗೆಯ ದರ್ಜೆಯಲ್ಲಿ ತವಾಯಿಫರ ಹೆಸರುಗಳನ್ನು ಇತಿಹಾಸಕಾರ್ತಿ ವೀಣಾ ತಲ್ವಾರ್ ಓಲ್ಡೆನ್‌ಬರ್ಗ್ ಕಂಡರು.

ಈ ಲೆಕ್ಕವನ್ನೆಲ್ಲ ಒಂದೇ ಬದುಕಿನಲ್ಲಿ ನೋಡಬೇಕೆಂದರೆ ನಂಜನಗೂಡಿನಲ್ಲಿ ಹುಟ್ಟಿದ ಹುಡುಗಿಯೊಬ್ಬಳನ್ನು ಹಿಂಬಾಲಿಸಬೇಕು. 1878ರಲ್ಲಿ ದೇವದಾಸಿ ಪುಟ್ಟಲಕ್ಷ್ಮಿಗೆ ವಕೀಲ ಸುಬ್ಬರಾಯರಿಂದ ಹುಟ್ಟಿದವಳು ನಾಗರತ್ನಮ್ಮ. ಸುಬ್ಬರಾಯರು ತಾಯಿ ಮಗಳನ್ನು ಕೈಬಿಟ್ಟರು. ಕೇಳಲು ಕರಾರಿಲ್ಲ, ಕೋರ್ಟಿಲ್ಲ. ಮೈಸೂರಿನ ಸಂಸ್ಕೃತ ವಿದ್ವಾಂಸರೊಬ್ಬರ ಆಸರೆಯಲ್ಲಿ ಹುಡುಗಿ ಸಂಸ್ಕೃತ ಕಲಿತಳು, ಆ ಆಸರೆಯೂ ತಪ್ಪಿತು. ಆಮೇಲೆ ಪಿಟೀಲು ವಿದ್ವಾಂಸನಾದ ಮಾವನ ಮನೆ, ಬೆಂಗಳೂರು, ಸಂಗೀತ, ನೃತ್ಯ. ಹದಿಹರೆಯ ದಾಟುವ ಮೊದಲೇ ಕಚೇರಿ. ಮೈಸೂರು ಮುಖ್ಯ ನ್ಯಾಯಾಲಯದ ನ್ಯಾಯಾಧೀಶ ನರಹರಿ ರಾಯರು ಪೋಷಕರಾದರು. ಬೆಂಗಳೂರಿನವರಿಗೆ ಅವರ ಹೆಸರು ನರಹರಿರಾಯರ ಗುಡ್ಡದಿಂದ ಗೊತ್ತು. ಆಕೆಯ ವಿದ್ಯೆಗೆ ಬೆಂಗಳೂರು ಸಾಲದು, ಮದರಾಸಿಗೆ ಹೋಗು ಎಂದು ಹುರಿದುಂಬಿಸಿದವರೂ ಅವರೇ. ಮೀಸಲಾಗಿರು ಎನ್ನುವ ಬದಲು ಹೋಗು ಎಂದ ಪೋಷಕ ಸಿಗುವುದು ಅಪರೂಪ. ವಾತ್ಸ್ಯಾಯನ ಹೇಳಿದ ‘ಮುಂದಿನ ನಿರೀಕ್ಷೆ’ ಇಂಥದ್ದೇ ಇರಬೇಕು.

ಮದರಾಸಿನಲ್ಲಿ ಬೆಂಗಳೂರು ನಾಗರತ್ನಮ್ಮ ಜಾರ್ಜ್ ಟೌನಿನಲ್ಲಿ ಸ್ವಂತ ಮನೆ ಮಾಡಿದರು. ಹಾಡಿಕೆಗೆ ಊರೂರಿಂದ ಕರೆ. ಆ ನಗರದಲ್ಲಿ ವರಮಾನ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂದು ಅವರನ್ನು ಹೇಳುವುದುಂಟು. ತಾಯಿಯ ಬೆಲೆ ಗಂಡಸೊಬ್ಬನ ಮನಸ್ಸಿನ ಮೇಲೆ ನಿಂತಿತ್ತು. ಮಗಳ ಬೆಲೆ ಅವಳ ಕೊರಳಿನ ಮೇಲೆ, ತನ್ನ ಹೆಸರಿನ ಮನೆಯ ಮೇಲೆ ನಿಂತಿತು. ‘ಸ್ವತಂತ್ರ’ ಎಂಬ ಮಾತಿಗೆ ಈ ಕಸುಬಿನಲ್ಲಿ ಏನಾದರೂ ಅರ್ಥವಿದ್ದರೆ ಇದೇ.

ಆ ಸ್ವಾತಂತ್ರ್ಯವನ್ನು ಆಕೆ ಖರ್ಚು ಮಾಡಿದ ರೀತಿ ನೋಡಬೇಕು. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ ಪ್ರತಾಪಸಿಂಹನ ಆಸ್ಥಾನದ ಗಣಿಕೆ ಮುದ್ದುಪಳನಿ ಬರೆದ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರ ಕಾವ್ಯದ ಹಳೆಯ ಅಚ್ಚಿನಲ್ಲಿ ಪದ್ಯಗಳನ್ನೂ ಕವಯಿತ್ರಿಯ ಪರಿಚಯವನ್ನೂ ಕತ್ತರಿಸಿದ್ದರು. ನಾಗರತ್ನಮ್ಮ ಪೂರ್ಣ ಪಠ್ಯ ಹುಡುಕಿ 1910ರಲ್ಲಿ ವಾವಿಳ್ಳ ಪ್ರಕಾಶನದಿಂದ ಅಚ್ಚು ಹಾಕಿಸಿದರು. ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ಈ ಕಾವ್ಯವನ್ನು ಅಶ್ಲೀಲ ಎಂದಿದ್ದರು. ಇಂಥ ಶೃಂಗಾರ ಗಂಡಸರು ಬರೆದರೆ ಕಾವ್ಯ, ಹೆಂಗಸು ಬರೆದರೆ ಅಶ್ಲೀಲವೇ ಎಂಬುದು ನಾಗರತ್ನಮ್ಮನ ವಾದ. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಟಂಗುಟೂರಿ ಪ್ರಕಾಶಂ ಮದರಾಸಿನ ಮುಖ್ಯಸ್ಥರಾಗಿದ್ದಾಗ, 1947ರ ಸುಮಾರಿಗೆ.

ಆಮೇಲೆ ತಿರುವೈಯಾರು. ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆ ಎಂದು ಗುರು, ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಕಾಗದ ಬರೆದರು. ನಾಗರತ್ನಮ್ಮ ಒಡವೆ ಮಾರಿದರು, ಜಾಗ ಪಡೆದರು, ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಕಟ್ಟಿಸಿದವಳೇ ಹಾಡುವಂತಿಲ್ಲ! ಗಂಡಸರ ಎರಡು ಪಕ್ಷಗಳ ಎದುರು ಆಕೆ ಹೆಂಗಸರ ಪಕ್ಷ ಕಟ್ಟಿ, ಗುಡಿಯ ಹಿಂಬದಿಯಲ್ಲಿ ಬೇರೆಯೇ ಆರಾಧನೆ ನಡೆಸಿದರು. ಮೂರೂ ಒಂದಾದದ್ದು 1941ರ ಹೊತ್ತಿಗೆ. ಉತ್ತಮ ಗಣಿಕೆಯ ಗಳಿಕೆ ಗುಡಿ ಕೆರೆಗಳಿಗೆ ಎಂದು ಬರೆದ ವಾತ್ಸ್ಯಾಯನನನ್ನೂ, ಬೆಳ್ಳಿ ಕೊಡೆ ಮಾಡಿಸಿದ ವಿನಾಪೋಟಿಯನ್ನೂ ಇಲ್ಲಿ ನೆನೆಯಬೇಕು. ಇದು ಬರೀ ಭಕ್ತಿಯಲ್ಲ. ಸಮಾಜ ಕೊಡದ ನೆಲೆಯನ್ನು ಕಲ್ಲಿನಲ್ಲಿ ಕೊಂಡುಕೊಳ್ಳುವ ದಾರಿ.

ಇಷ್ಟರಲ್ಲಿ ಗುಡಿಗಳ ಬಾಗಿಲು ಮುಚ್ಚತೊಡಗಿತ್ತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ಗುಡಿಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ದೇವದಾಸಿಯರು ತಮ್ಮ ವಂಶಪಾರಂಪರ್ಯದ ಹಕ್ಕು ಉಳಿಸಿಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿ ನೋಡಿದರು, ಕೆಲಸವಾಗಲಿಲ್ಲ. ಮದರಾಸಿನಲ್ಲಿ ಈ ಹೋರಾಟ ಹಿಡಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ವೈದ್ಯೆಯಾಗಿ, ಶಾಸನಸಭೆಯ ಸದಸ್ಯೆಯಾಗಿ, ಉಪಾಧ್ಯಕ್ಷೆಯಾಗಿ 1927ರ ನವೆಂಬರಿನಲ್ಲಿ ಅವರು ಸಭೆಯ ಮುಂದೆ ಠರಾವು ತಂದರು. ಅವರ ವಾದದ ತಿರುಳು ಇಂದಿಗೂ ಅಲ್ಲಾಡಿಲ್ಲ: ಪೊಟ್ಟು ಕಟ್ಟುವುದು ಏನೂ ಅರಿಯದ ಮಗುವಿಗೆ. ಮೊದಲ ಪೋಷಕನನ್ನು ಗೊತ್ತುಮಾಡುವವರು ಮನೆಯ ಹಿರಿಯರು. ಆ ಲೆಕ್ಕದಲ್ಲಿ ಹುಡುಗಿ ಲೆಕ್ಕ ಹಾಕುವವಳಲ್ಲ, ಲೆಕ್ಕದ ವಸ್ತು. ಒತ್ತೆ ಎಂಬ ಪದದ ಇನ್ನೊಂದು ಅರ್ಥ ಇಲ್ಲಿ ನಿಜವಾಗುತ್ತದೆ. ನಾಗರತ್ನಮ್ಮನ ಕಥೆ ಎಷ್ಟೇ ಮೆಚ್ಚುವಂತಿದ್ದರೂ ಈ ಪ್ರಶ್ನೆಗೆ ಅದು ಉತ್ತರವಲ್ಲ. ಮೂವಲೂರು ರಾಮಾಮಿರ್ದಂ ಅಮ್ಮಾಳ್ ಅದೇ ಸಮುದಾಯದ ಒಳಗಿನಿಂದ ಬಂದು ಇನ್ನೂ ಖಾರವಾಗಿ ಬರೆದರು. 1936ರ ಅವರ ಕಾದಂಬರಿ ‘ದಾ̄ಸಿಗಳ್ ಮೋಸವಲೈ’ ದಾಸಿ ಮನೆತನಗಳು ಶ್ರೀಮಂತರನ್ನು ಸುಲಿಯುವ ಪರಿಯನ್ನು ಬಿಚ್ಚಿಡುತ್ತದೆ.

ನಾಗರತ್ನಮ್ಮ ಮತ್ತು ಮದರಾಸಿನ ದೇವದಾಸಿಯರ ಸಂಘ ಎದುರು ಮನವಿ ಕೊಟ್ಟಿತು. ನಮ್ಮನ್ನೂ ಬೀದಿಯ ವೇಶ್ಯಾವೃತ್ತಿಯನ್ನೂ ಒಂದು ಮಾಡಬೇಡಿ, ನಮ್ಮ ಆಸ್ತಿಯ ಹಕ್ಕನ್ನು ಕಿತ್ತುಕೊಳ್ಳಬೇಡಿ, ನಮಗೆ ವಿದ್ಯೆ ಕೊಡಿ ಎಂದು ಅವರ ಬೇಡಿಕೆ. ಎರಡೂ ಪಕ್ಷದವರು ವಾದಿಸಿದ್ದು ಒಂದೇ ಹೆಣ್ಣಿನ ಬಗ್ಗೆ. ಮುತ್ತುಲಕ್ಷ್ಮಿ ಆಕೆಯ ಎಂಟನೆಯ ವಯಸ್ಸನ್ನು ನೋಡುತ್ತಿದ್ದರು, ನಾಗರತ್ನಮ್ಮ ಆಕೆಯ ಐವತ್ತನೆಯ ವಯಸ್ಸನ್ನು.

ಮುತ್ತುಲಕ್ಷ್ಮಿ ಅವರಿಗೆ ಆ ಐವತ್ತರ ಚಿಂತೆ ಇರಲಿಲ್ಲ ಎನ್ನುವಂತೆಯೂ ಇಲ್ಲ. 1929ರ ತಿದ್ದುಪಡಿ ಇನಾಮು ಭೂಮಿಯನ್ನು ಗುಡಿಸೇವೆಯ ಷರತ್ತಿನಿಂದ ಬಿಡಿಸಿ ಅನುಭವಿಸುತ್ತಿದ್ದವರಿಗೇ ಬಿಟ್ಟಿತು. ಸೇವೆ ನಿಂತರೂ ಅನ್ನ ನಿಲ್ಲಬಾರದು ಎಂಬುದು ಅದರ ಆಶಯ. ಆದರೆ ಭೂಮಿ ಖಾಸಗಿ ಆಸ್ತಿಯಾದ ಮೇಲೆ ಅದರ ಹೆಚ್ಚಿನ ಪ್ರಯೋಜನ ಮನೆಯ ಗಂಡಸರಿಗೇ ಹೋಯಿತೆಂದು ಸಮಾಜಶಾಸ್ತ್ರಜ್ಞೆ ಅಮೃತ್ ಶ್ರೀನಿವಾಸನ್ ತೋರಿಸಿದ್ದಾರೆ. ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತಿದ್ದ ಪಾಲು ಹೀಗೆ ದಾರಿ ಬದಲಿಸಿತು. ಭೂಮಿಯಿಲ್ಲದೆ ಬರೀ ಮನೆ, ಪಡಿ ಇದ್ದವರಿಗೆ ಇದರಿಂದ ಬಂದದ್ದು ಏನೂ ಇಲ್ಲ.

ಮೈಲಾಪೂರಿನ ಗೌರಿ ಅಮ್ಮಾಳ್ ಇಂಥ ಕಾಲಕ್ಕೆ ಸಿಕ್ಕವರು. ಅಭಿನಯದಲ್ಲಿ ಅವರಿಗೆ ಸಾಟಿ ಇರಲಿಲ್ಲ ಎನ್ನುತ್ತಾರೆ. ತಾವೇ ಹಾಡಿಕೊಂಡು ಅಭಿನಯಿಸುವವರು. 1932ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ವೇದಿಕೆಯಲ್ಲಿ ಕುಣಿದರು. ಸದಿರು ಭರತನಾಟ್ಯ ಎಂಬ ಹೊಸ ಹೆಸರಿನಲ್ಲಿ ಮರ್ಯಾದಸ್ಥರ ಮನೆಗೆ ಕಾಲಿಡುತ್ತಿದ್ದ ವರ್ಷಗಳು ಅವು. ಆ ಕೆಲಸಕ್ಕೆ ಹೆಗಲು ಕೊಟ್ಟ ಇ. ಕೃಷ್ಣ ಅಯ್ಯರ್ ಕೂಡ ವಕೀಲರೇ. ಬಾಲಸರಸ್ವತಿ ಗೌರಿ ಅಮ್ಮಾಳ್ ಬಳಿ ಕಲಿತರು, ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಕಲಿತರು, ಕಲಾನಿಧಿ ನಾರಾಯಣನ್ ಕಲಿತರು. ಬ್ರಾಹ್ಮಣರ ಮನೆಯ ಹುಡುಗಿಯರಿಗೆ ಮನೆಗೇ ಹೋಗಿ ಪಾಠ ಹೇಳುವುದು ಅವರ ಜೀವನೋಪಾಯವಾಯಿತು. ಬೆಲೆಯ ಉಳಿದೆಲ್ಲ ಬಾಬತ್ತು ಹೋಗಿ ಪಾಠದ ಸಂಭಾವನೆ ಒಂದೇ ಉಳಿಯಿತು.

ಆ ಪಾಠದಲ್ಲಿ ಏನು ದಾಟಿತು, ಏನು ಸೋಸಿಹೋಯಿತು ಎಂಬುದೂ ಬೆಲೆಯ ಮಾತೇ. ಹದಿನೇಳನೆಯ ಶತಮಾನದ ಕ್ಷೇತ್ರಯ್ಯನ ತೆಲುಗು ಪದಗಳಲ್ಲಿ ನಾಯಕಿ ಎಷ್ಟೋ ಕಡೆ ಗಣಿಕೆ, ಮುವ್ವ ಗೋಪಾಲ ಆಕೆಯ ಗಿರಾಕಿ. ಹಣ ಎಲ್ಲಿ ಎಂದು ಆಕೆ ದೇವರನ್ನೇ ಕೇಳುತ್ತಾಳೆ, ತಂದಿಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾಳೆ. ನಮ್ಮ ಎ. ಕೆ. ರಾಮಾನುಜನ್, ವೆಲ್ಚೇರು ನಾರಾಯಣ ರಾವ್ ಮತ್ತು ಡೇವಿಡ್ ಶುಲ್ಮನ್ ಜೊತೆ ಸೇರಿ ಇವನ್ನು ಇಂಗ್ಲಿಷಿಗೆ ತಂದು 1994ರಲ್ಲಿ ಪುಸ್ತಕ ಮಾಡಿದಾಗ ದೇವರನ್ನು ಗಿರಾಕಿ ಎಂದು ಹೆಸರಿನಲ್ಲೇ ಕರೆದರು. ಹೊಸ ವೇದಿಕೆಗೆ ಇಂಥ ನಾಯಕಿ ಬೇಕಿರಲಿಲ್ಲ. ವಿರಹದಲ್ಲಿ ಕೊರಗುವ ನಾಯಕಿ ಉಳಿದಳು, ಲೆಕ್ಕ ಕೇಳುವವಳು ಹಿಂದೆ ಸರಿದಳು. ಜೀವಾತ್ಮ ಪರಮಾತ್ಮನ ಹತ್ತಿರ ಬಾಕಿ ವಸೂಲಿ ಮಾಡುವುದು ಸಭೆಗಳಿಗೆ ಮುಜುಗರ ತಂದಿರಬೇಕು.

1947ರ ಕೊನೆಗೆ ಮದರಾಸಿನ ದೇವದಾಸಿ ಅರ್ಪಣೆ ನಿಷೇಧ ಕಾಯ್ದೆ ಬಂತು. ಮಕ್ಕಳಿಗೆ ಪೊಟ್ಟು ಕಟ್ಟುವುದು ಅಪರಾಧವಾಯಿತು, ಗುಡಿಯಲ್ಲಿ ಕುಣಿಯುವುದು ನಿಂತಿತು, ದೇವದಾಸಿಯ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಕರ್ನಾಟಕ ಇಂಥದೇ ಕಾಯ್ದೆಯನ್ನು 1982ರಲ್ಲಿ ಮಾಡಿತು. ಅದರ ಹಿಂದಿದ್ದ ಉತ್ತರ ಕರ್ನಾಟಕದ ದಲಿತ ಹೆಣ್ಣುಮಕ್ಕಳ ಕಥೆ ಬೇರೆಯೇ, ಅವರಿಗೆ ಮಾನ್ಯವೂ ಇರಲಿಲ್ಲ, ಕಚೇರಿಯೂ ಇರಲಿಲ್ಲ. ಮೈಲಾಪೂರಿನಲ್ಲಿ ಸೇವೆ ಇಲ್ಲವಾದ ಮೇಲೆ ಸೇವೆಯವರ ಮನೆಗೂ ಕಾರಣ ಉಳಿಯಲಿಲ್ಲ. ಗೌರಿ ಅಮ್ಮಾಳ್ ಗುಡಿಯ ಮನೆ ಬಿಡಬೇಕಾಯಿತು. ಕೊನೆಗಾಲ ಬಡತನದಲ್ಲಿ ಕಳೆಯಿತು. ಅವರು ತೀರಿಕೊಂಡದ್ದು 1971ರಲ್ಲಿ.

ಎರಡು ವರ್ಷದ ನಂತರ, ಮದುವೆಯಾಗಿ ದಶಕಗಳ ಕಾಲ ನೃತ್ಯ ಬಿಟ್ಟಿದ್ದ ಕಲಾನಿಧಿ ನಾರಾಯಣನ್ ಅಭಿನಯ ಪಾಠಕ್ಕೆ ಮರಳಿದರು. ದೇಶದ ನಾನಾ ಕಡೆಯ ಭರತನಾಟ್ಯ ಕಲಾವಿದರು ಪದಂ ಕಲಿಯಲು ಅವರ ಬಳಿಗೆ ಬಂದರು. ನಾಗರತ್ನಮ್ಮ ಅಷ್ಟು ಹೊತ್ತಿಗೆ ಇರಲಿಲ್ಲ, 1952ರಲ್ಲಿ ತಿರುವೈಯಾರಿನಲ್ಲೇ ತೀರಿಕೊಂಡಿದ್ದರು. ಆದರೆ ಅವರು ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಬರೆದಿಟ್ಟಿದ್ದರು. ಆ ಪತ್ರದಲ್ಲಿ ತ್ಯಾಗರಾಜರ ಸನ್ನಿಧಿಯಲ್ಲಿ ಹಾಡುವ, ಪೂಜಿಸುವ ಹಕ್ಕು ಹೆಂಗಸರಿಗೂ ಇರಬೇಕು, ದೇವದಾಸಿ ಮನೆತನದ ಹೆಂಗಸರಿಗೂ ಇರಬೇಕು ಎಂದು ಷರತ್ತು ಹಾಕಿದ್ದರು.